ರೇಸ್ ಇಳಿಯದ ಬ್ರೆಡ್ ವ್ಯಾನು

ಮಂಗಳವಾರ ಮಧ್ಯಾಹ್ನ ಬ್ರೆಡ್ ವ್ಯಾನಿನ ಎಂಜಿನ್ನಿಗೆ ಹುಚ್ಚು ಹಿಡಿಯಿತು. ಡ್ರೈವರ್ ಸೀಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆಕ್ಸಿಲರೇಟರನ್ನು ಯಾರೂ ಮುಟ್ಟಿರಲಿಲ್ಲ. ಆದರೂ ನಿಮಿಷಕ್ಕೆ ಎಂಟುನೂರು ಸುತ್ತಿನಲ್ಲಿ ತೆಪ್ಪಗೆ ತಿರುಗಬೇಕಾದದ್ದು ತಾನಾಗಿ ಸಾವಿರದ ಎಂಟುನೂರಕ್ಕೆ ಏರಿ, ಅಲ್ಲೇ ನಿಂತು ಕಿರುಚತೊಡಗಿತು. ಶೆಡ್ಡಿನ ತಗಡು ನಡುಗಿತು. ಮೇಜಿನ ಮೇಲಿದ್ದ ಟೀ ಲೋಟ ನಡೆದುಕೊಂಡು ಅಂಚಿಗೆ ಬಂತು. ಪುಟ್ಟಿ ಅದನ್ನು ಹಿಡಿದುಕೊಂಡಳು.

ಅವಳಿಗೆ ಇಪ್ಪತ್ತಾರು ವರ್ಷ. ಡಿಗ್ರಿ ಮುಗಿಸಿದವಳು. ಮನೆಯಲ್ಲಿ ಎಲ್ಲರಿಗಿಂತ ಕಿರಿಯವಳಾದ್ದರಿಂದ ಅವಳ ಹೆಸರನ್ನು ಕರೆಯುವ ಅಭ್ಯಾಸವೇ ಯಾರಿಗೂ ಆಗಿರಲಿಲ್ಲ. ಅಪ್ಪ ಬಿಟ್ಟುಹೋದ ಈ ವರ್ಕ್‌ಶಾಪಿನಲ್ಲಿ ರಿಜಿಸ್ಟರ್ ಬರೆಯುವುದು ಅವಳ ಕೆಲಸ ಎಂದು ಹೊರಗಿನವರು ತಿಳಿದಿದ್ದರು. ನಿಜವಾದ ಕೆಲಸ ಬೇರೆಯೇ ಇತ್ತು. ಶೆಡ್ಡು ರೈಲು ಡಬ್ಬಿಯ ಹಾಗೆ ಉದ್ದ. ರಸ್ತೆಯ ಕಡೆಯ ತುದಿಯಲ್ಲಿ ದೊಡ್ಡಣ್ಣ, ಎಂಜಿನ್ನಿನ ಕೆಲಸ. ಹಿಂದಿನ ತುದಿಯಲ್ಲಿ ಚಿಕ್ಕಣ್ಣ, ವೈರಿಂಗಿನ ಕೆಲಸ. ನಡುವೆ ಸದಾ ಗುಡುಗುಡು ಎನ್ನುವ ಕಂಪ್ರೆಸರ್, ಮೇಲಿನ ಮನೆಗೆ ಹೋಗುವ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಅವಳ ಮೇಜು. ಆಚೆಗೆ ಹನ್ನೊಂದು ಹೆಜ್ಜೆ, ಈಚೆಗೆ ಹನ್ನೊಂದು ಹೆಜ್ಜೆ. ಹದಿನಾಲ್ಕು ತಿಂಗಳಿಂದ ಅವಳು ಒಬ್ಬಣ್ಣನ ಮಾತನ್ನು ಇನ್ನೊಬ್ಬಣ್ಣನಿಗೆ ಹೊರುತ್ತಿದ್ದಳು, ಏಕೆಂದರೆ ಅವರಿಬ್ಬರೂ ಮಾತು ಬಿಟ್ಟಿದ್ದರು.

ಮಾತು ಬಿಟ್ಟ ಕಾರಣ ಹೇಳಿದರೆ ನಗು ಬರುತ್ತದೆ. ಒಬ್ಬ ಗಿರಾಕಿಯ ಕಾರಿನ ಹೆಡ್‌ಲೈಟು ದಾರಿ ಮಧ್ಯೆ ಆರಿಹೋಗಿ, ಆತ ಬಂದು ಹತ್ತು ಜನರ ಮುಂದೆ ಎಗರಾಡಿದ. ದೊಡ್ಡಣ್ಣ ಕೈ ಒರೆಸಿಕೊಳ್ಳುತ್ತ, "ವೈರಿಂಗ್ ನನ್ನದಲ್ಲ ಸ್ವಾಮಿ, ಅವನನ್ನ ಕೇಳಿ" ಅಂದುಬಿಟ್ಟ. ನನ್ನ ತಮ್ಮ ಅನ್ನಲಿಲ್ಲ, ನಾವು ನೋಡ್ತೀವಿ ಅನ್ನಲಿಲ್ಲ. ಅವನನ್ನ ಕೇಳಿ! ಚಿಕ್ಕಣ್ಣ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಕೆಳಗಿಟ್ಟು ಮೆಟ್ಟಿಲು ಹತ್ತಿ ಹೋದ. ಆಮೇಲೆ ನೋಡಿದರೆ ವೈರನ್ನು ಇಲಿ ಕಡಿದಿತ್ತು. ಆ ಇಲಿ ಇಷ್ಟು ಹೊತ್ತಿಗೆ ಎಲ್ಲಿ ಸತ್ತು ಒಣಗಿದೆಯೋ. ಅಣ್ಣತಮ್ಮಂದಿರ ಮುನಿಸಿಗೆ ಮಾತ್ರ ವಯಸ್ಸೇ ಆಗಲಿಲ್ಲ.

ಅಂದಿನಿಂದ ಊಟವೂ ಎರಡು ಪಂಕ್ತಿ. ದೊಡ್ಡಣ್ಣ ಒಂದರಿಂದ ಎರಡರವರೆಗೆ ಮೇಲೆ ಹೋಗುತ್ತಾನೆ, ಚಿಕ್ಕಣ್ಣ ಎರಡರಿಂದ ಮೂರರವರೆಗೆ. ಎರಡು ಗಂಟೆಗೆ ಕಿರಿದಾದ ಮೆಟ್ಟಿಲಲ್ಲಿ ಒಬ್ಬ ಇಳಿಯುವ ತನಕ ಇನ್ನೊಬ್ಬ ಗೋಡೆಯ ಕ್ಯಾಲೆಂಡರ್ ಓದುತ್ತ ನಿಲ್ಲುತ್ತಾನೆ. "ಆ ಕ್ಯಾಲೆಂಡರ್ ಹೋದ ವರ್ಷದ್ದು ಕಣೇ," ಎಂದು ದೊಡ್ಡಣ್ಣನ ಹೆಂಡತಿ, ಅತ್ತಿಗೆ, ಒಮ್ಮೆ ಪುಟ್ಟಿಯ ಕಿವಿಯಲ್ಲಿ ಅಂದಿದ್ದಳು. "ಇಬ್ಬರಿಗೂ ಗೊತ್ತಿಲ್ಲ. ಇವರಿಗೆ ಬಡಿಸಿ ಬಡಿಸಿ ನನಗೆ ಎರಡು ಸಂಸಾರ ಮಾಡಿದ ಹಾಗಾಗಿದೆ."

ಒಂದೇ ಗಾಡಿಯ ಕೆಲಸವಾದರೂ ಹಾಗೇ. ಒಬ್ಬ ಗಾಡಿಯ ಬಳಿ ಇದ್ದರೆ ಇನ್ನೊಬ್ಬ ಅತ್ತ ಸುಳಿಯುವುದಿಲ್ಲ.

ಬ್ರೆಡ್ ವ್ಯಾನು ಇಬ್ಬರ ಕೆಲಸವೂ ಸೇರಿದ ಗಾಡಿ. ಅದರ ಹಳೆಯ ಎಂಜಿನ್ ಕೈಕೊಟ್ಟಿತ್ತು. ಅಪಘಾತದಲ್ಲಿ ಹಿಂಭಾಗ ಅಪ್ಪಚ್ಚಿಯಾದ ಒಂದು ಕಾರಿನಿಂದ ಚೆನ್ನಾಗಿದ್ದ ಎಂಜಿನ್ ಇಳಿಸಿ, ದೊಡ್ಡಣ್ಣ ಅದನ್ನು ವ್ಯಾನಿಗೆ ಕೂರಿಸಿದ್ದ. ಇದು ಹಳೆಯ ಕಾಲದ ಕಾರ್ಬ್ಯುರೇಟರ್ ಎಂಜಿನ್ ಅಲ್ಲ. ಪೆಟ್ರೋಲು ಎಷ್ಟು ಹೋಗಬೇಕು ಎಂದು ಒಂದು ಕಂಪ್ಯೂಟರ್ ಪೆಟ್ಟಿಗೆ ಲೆಕ್ಕ ಹಾಕಿ ಚಿಮ್ಮಿಸುತ್ತದೆ. ಅದರ ವೈರುಗಳ ಕಂತೆಯನ್ನು ಎಳೆಎಳೆಯಾಗಿ ಬಿಡಿಸಿ ವ್ಯಾನಿಗೆ ಹೊಂದಿಸಿದವನು ಚಿಕ್ಕಣ್ಣ. ಮೂರು ವಾರದ ಕೆಲಸ. ಸೋಮವಾರ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕಾಲು ತೆಗೆದ ಕೂಡಲೇ ಎಂಜಿನ್ ಬಿಕ್ಕಳಿಸಿ ಆಫ್ ಆಗುತ್ತಿತ್ತು. ಮಂಗಳವಾರ ಕಿರುಚಿತು. ಬುಧವಾರ ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಮತ್ತೆ ಏರಿತು. ಗುರುವಾರದ ಹೊತ್ತಿಗೆ ಹೊಸ ಚಾಳಿ ಕಲಿತಿತ್ತು. ಸಾವಿರದಿಂದ ಎರಡು ಸಾವಿರಕ್ಕೆ ಏರುವುದು, ಧೊಪ್ಪನೆ ಬೀಳುವುದು, ಮತ್ತೆ ಏರುವುದು. ಓಡಿ ಬಂದ ನಾಯಿ ಏದುಸಿರು ಬಿಟ್ಟ ಹಾಗೆ, ಗಂಟೆಗಟ್ಟಲೆ.

"ಹ್ಞೂ… ಹ್ಞೂ… ಹ್ಞೂ… ಅಂತಿದೆಯಲ್ಲಪ್ಪಾ," ಎಂದರು ವ್ಯಾನಿನ ಯಜಮಾನರು. ಊರೆಲ್ಲ ಅವರನ್ನು ಬ್ರೆಡ್ಡಿನವರು ಅನ್ನುತ್ತಿತ್ತು. ದೊಡ್ಡ ಹೊಟ್ಟೆಯ, ಸಿಟ್ಟೇ ಬಾರದ ಮನುಷ್ಯ. "ಇದನ್ನ ತಗೊಂಡು ಬೆಳಗಿನ ಜಾವ ಬೀದಿಗೆ ಹೋದರೆ ಜನ ಬ್ರೆಡ್ ತಗೊಳ್ಳೋದಿರಲಿ, ಡಾಕ್ಟರ್‌ನ ಕರೀತಾರೆ."

"ಶನಿವಾರ ಬೆಳಗ್ಗೆ ಕೊಡ್ತೀನಿ ಯಜಮಾನ್ರೇ," ಎಂದ ದೊಡ್ಡಣ್ಣ. ಅವನ ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿತ್ತು. ಅದು ಗ್ರೀಸೋ ನಿದ್ದೆಗೇಡೋ ಹೇಳಲಾಗುತ್ತಿರಲಿಲ್ಲ.

"ಶನಿವಾರ ಅಂತ ಹೋದ ಶನಿವಾರಾನೂ ಅಂದಿದ್ದೆ."

"ಆ ಶನಿವಾರ ಬೇರೆ, ಈ ಶನಿವಾರ ಬೇರೆ."

ಬ್ರೆಡ್ಡಿನವರು ನಕ್ಕು ಹೊರಟುಹೋದರು. ಪುಟ್ಟಿಗೆ ನಗು ಬರಲಿಲ್ಲ. ಅವಳಿಗೂ ಅದೇ ಶನಿವಾರ ಗಡುವಿತ್ತು.

ಅವಳ ಮೇಜಿನ ಡ್ರಾಯರಿನಲ್ಲಿ ಒಂದು ಪತ್ರವಿತ್ತು. ರೈಲಿನಲ್ಲಿ ಆರು ಗಂಟೆ ದೂರದ ಊರಲ್ಲಿ, ಹಳೆಯ ನಕ್ಷೆಗಳನ್ನು ಕಾಪಾಡುವ ಒಂದು ಕಚೇರಿ. ಸೀಳಿದ, ಮಡಿಕೆ ಬಿದ್ದ ನಕ್ಷೆಗಳನ್ನು ಬಿಡಿಸಿ, ಒರೆಸಿ, ಯಾವುದು ಯಾವ ಕಾಲದ್ದು ಎಂದು ಪಟ್ಟಿ ಬರೆಯುವ ಕೆಲಸ ಅವಳಿಗೆ ಸಿಕ್ಕಿತ್ತು. ಸಂದರ್ಶನಕ್ಕೆ ಹೋದಾಗ ಆ ಕೋಣೆ ನೋಡಿದ್ದಳು. ಎತ್ತರದ ಕಿಟಕಿ, ಅಗಲವಾದ ಮೇಜು, ಯಾರೂ ಯಾರಿಗೂ ಏನೂ ಹೇಳಿಕಳಿಸದ ಒಂದು ದೊಡ್ಡ ನಿಶ್ಶಬ್ದ. ಅಂಥ ಕಡೆ ಕೂರುವುದಕ್ಕೆ ಸಂಬಳ ಕೊಡುತ್ತಾರೆಂದರೆ ನಂಬಲಾಗಲಿಲ್ಲ. ಬರುತ್ತೀರೋ ಇಲ್ಲವೋ ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ, ಬರುವುದಾದರೆ ಸೋಮವಾರ ಹಾಜರಾಗಿ, ಎಂದು ಪತ್ರದಲ್ಲಿತ್ತು.

"ಹೋಗೇ, ನಾವೇನು ಮಕ್ಕಳಾ?" ಎಂದಿದ್ದ ದೊಡ್ಡಣ್ಣ.

"ಹೋಗು ಪುಟ್ಟಿ, ಇಲ್ಲಿ ಎಲ್ಲ ನಡೆಯತ್ತೆ," ಎಂದಿದ್ದ ಚಿಕ್ಕಣ್ಣ.

ಹೇಗೆ ನಡೆಯುತ್ತದೆ ಎಂದು ಅವಳು ನೋಡಿದ್ದಳು. ಸಂದರ್ಶನಕ್ಕೆ ಹೋದ ಒಂದೇ ಒಂದು ದಿನ ಅವಳು ಮೇಜಿನ ಬಳಿ ಇರಲಿಲ್ಲ. ಆ ದಿನ ಒಂದು ಕಾರಿನ ಮುಂದಿನ ಚಕ್ರ ಕಳಚಿ ಬ್ರೇಕಿನ ಕೆಲಸ ನಡೆದಿತ್ತು. ಚಕ್ರ ವಾಪಸ್ ಹಾಕಿ, ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ನಿಲ್ಲಿಸಿ, ಬಿಗಿ ಮಾಡುವುದನ್ನು ತಮ್ಮ ಮಾಡುತ್ತಾನೆಂದು ಅಣ್ಣ ಊಟಕ್ಕೆ ಹೋದ. ಅಣ್ಣ ಮಾಡಿಯೇ ಹೋಗಿದ್ದಾನೆಂದು ತಮ್ಮ ಬೀಗದ ಕೈ ಗಿರಾಕಿಗೆ ಕೊಟ್ಟ. ರಸ್ತೆಯ ತಿರುವಿನಲ್ಲಿ ಚಕ್ರ ಓಲಾಡಿದ್ದು ಕಂಡು ಹಣ್ಣಿನ ಅಂಗಡಿಯವನು ಕೂಗಿ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳಿದ್ದವು. ಅವಳು ಸಂಜೆ ಮನೆಗೆ ಬಂದಾಗ ಇಬ್ಬರೂ ಎರಡು ತುದಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದರು. ಆಗಲೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದೊಡ್ಡಣ್ಣ ಅವಳನ್ನು ಕಂಡ ಕೂಡಲೇ ಅಂದ ಮೊದಲ ಮಾತು, "ನಿನ್ನ ಚಿಕ್ಕಣ್ಣಂಗೆ ಹೇಳು, ನಟ್ ಬಿಗಿ ಇದೆಯಾ ಅಂತ ಕೇಳಿದ್ರೆ ಬಾಯಲ್ಲಿರೋ ಮುತ್ತು ಉದುರ್ತಿರಲಿಲ್ಲ ಅಂತ."

ಅವಳು ಅದನ್ನು ಹೇಳಿರಲಿಲ್ಲ. ಅವಳು ಅಂಥವನ್ನು ಯಾವತ್ತೂ ಹೇಳುತ್ತಿರಲಿಲ್ಲ. ಹನ್ನೊಂದು ಹೆಜ್ಜೆ ನಡೆಯುವಷ್ಟರಲ್ಲಿ ಮಾತನ್ನು ತೊಳೆದು, ಮುಳ್ಳು ತೆಗೆದು, ತಲುಪಿಸುತ್ತಿದ್ದಳು. "ಆ ಮಹಾನುಭಾವನಿಗೆ ಫ್ಯೂಸ್ ಹಾಕಕ್ಕೆ ಮುಹೂರ್ತ ಬೇಕಾ ಕೇಳು" ಎಂಬುದು "ಚಿಕ್ಕಣ್ಣ, ಫ್ಯೂಸ್ ಬೇಕಂತೆ" ಎಂದಾಗುತ್ತಿತ್ತು. "ನಿನ್ನ ದೊಡ್ಡಣ್ಣಂಗೆ ಹೇಳು, ಇದು ಟ್ರಾಕ್ಟರ್ ಅಲ್ಲ, ಸ್ವಲ್ಪ ಕೈ ಹಗುರ ಇರಲಿ ಅಂತ" ಎಂಬುದು "ದೊಡ್ಡಣ್ಣ, ನಿಧಾನವಂತೆ" ಎಂದಾಗುತ್ತಿತ್ತು. ನಿನ್ನ ಚಿಕ್ಕಣ್ಣ, ನಿನ್ನ ದೊಡ್ಡಣ್ಣ. ತಮಗೂ ಅವನಿಗೂ ಸಂಬಂಧವೇ ಇಲ್ಲ, ಇಬ್ಬರೂ ಅವಳ ಪಾಲಿಗೆ ಮಾತ್ರ ಗಂಟುಬಿದ್ದವರು ಎನ್ನುವ ಹಾಗೆ.

ತೆಗೆದ ಮುಳ್ಳನ್ನು ಎಲ್ಲಿ ಎಸೆಯುವುದು? ಅವಳಿಗೆ ಮಾತು ಎಸೆದು ಅಭ್ಯಾಸವಿಲ್ಲ. ಆ ಮೊದಲ ವಾರವೇ ರಿಜಿಸ್ಟರನ್ನು ತಲೆಕೆಳಗೆ ತಿರುಗಿಸಿ, ಕೊನೆಯ ಪುಟದಿಂದ ಬರೆಯತೊಡಗಿದ್ದಳು. ಯಾವ ವಾರ, ಯಾರು, ಏನಂದರು, ತಾನು ಏನು ತಲುಪಿಸಿದೆ. ಮುಂದಿನಿಂದ ಗಾಡಿಗಳ ಕೆಲಸ, ಹಿಂದಿನಿಂದ ತಲುಪಿಸದ ಮಾತುಗಳು. ಈಗ ಎರಡೂ ಕಡೆಯಿಂದ ತುಂಬುತ್ತ ಬಂದು ನಡುವೆ ಒಂದಿಷ್ಟು ಖಾಲಿ ಹಾಳೆ ಉಳಿದಿತ್ತು.

ಆ ವಾರ ವ್ಯಾನಿನ ದೆಸೆಯಿಂದ ಅವಳ ಕಾಲು ಸೋತುಹೋಯಿತು. ಎಲ್ಲೋ ರಬ್ಬರ್ ಪೈಪು ಸೀಳಿ ಬೇಡದ ಗಾಳಿ ಒಳಗೆ ನುಗ್ಗುತ್ತಿದೆ ಎಂದು ದೊಡ್ಡಣ್ಣನ ಅನುಮಾನ. ಎಂಜಿನ್ ಓಡುತ್ತಿರುವಾಗಲೇ ಪೈಪುಗಳ ಮೇಲೆಲ್ಲ ನೀರು ಚಿಮುಕಿಸಿ ಕಿವಿಗೊಟ್ಟ. ಬ್ರೇಕಿಗೆ ಹೋಗುವ ಪೈಪನ್ನು ಇಕ್ಕಳದಿಂದ ಹಿಸುಕಿ ನೋಡಿದ. ಗ್ಯಾಸ್ಕೆಟ್ ಬದಲಾಯಿಸಿದ. ಎಂಜಿನ್ ಜಪ್ಪಯ್ಯ ಅನ್ನಲಿಲ್ಲ. ಅವನು ಊಟಕ್ಕೆ ಹೋದಾಗ ಚಿಕ್ಕಣ್ಣ ಮೀಟರ್ ಹಿಡಿದು ಬಂದು ಒಂದೊಂದೇ ವೈರಿನ ಬುಡ ಮುಟ್ಟಿ ನೋಡಿದ. ಅರ್ತಿಂಗ್ ಸರಿ ಇದೆ. ಎಂಜಿನ್ ಬಿಸಿ ತಿಳಿಸುವ ಸೆನ್ಸರ್ ಸರಿ ಇದೆ. ಕಂಪ್ಯೂಟರ್ ಪೆಟ್ಟಿಗೆ ಸರಿ ಇದೆ. ಎಲ್ಲವೂ ಸರಿ ಇದ್ದು ಗಾಡಿ ಮಾತ್ರ ಸರಿ ಇರಲಿಲ್ಲ.

"ನಿನ್ನ ದೊಡ್ಡಣ್ಣಂದು ಗಾಳಿ ಲೀಕು."

"ನಿನ್ನ ಚಿಕ್ಕಣ್ಣಂದು ವೈರಿಂಗು."

ಹನ್ನೊಂದು ಹೆಜ್ಜೆ, ಹನ್ನೊಂದು ಹೆಜ್ಜೆ. ಗುರುವಾರ ಸಂಜೆ ಮೆಟ್ಟಿಲು ಹತ್ತುವಾಗ ಅವಳು ನಡುವೆ ಕೂತುಬಿಟ್ಟಳು. ಅತ್ತಿಗೆ ಮೇಲಿಂದ ಬಗ್ಗಿ ನೋಡಿ, "ಏನೇ, ನಿನಗೂ ರೇಸ್ ಇಳೀತಾ ಇಲ್ವಾ?" ಅಂದಳು. ಪುಟ್ಟಿ ನಗಲು ನೋಡಿದಳು. ಕಣ್ಣಲ್ಲಿ ನೀರು ಬಂತು. ಅತ್ತಿಗೆ ಇಳಿದು ಬಂದು ಪಕ್ಕದಲ್ಲಿ ಕೂತಳು.

"ಹೋಗಲ್ಲ ಅಂತ ಬರೆದು ಹಾಕ್ತೀಯಾ?"

"ಇವರನ್ನ ಹೀಗೆ ಬಿಟ್ಟು ಹೋದರೆ ಯಾರಾದರೂ ಸಾಯ್ತಾರೆ ಅತ್ತಿಗೆ. ಇವರು ಸಾಯಲ್ಲ. ಗಾಡೀಲಿ ಕೂತೋರು ಸಾಯ್ತಾರೆ."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಎದ್ದುಹೋದಳು. ಇಲ್ಲ ಅನ್ನುವ ಧೈರ್ಯ ಅವಳಿಗೂ ಇರಲಿಲ್ಲ.

ಶುಕ್ರವಾರ ಒಂದು ಗಂಟೆಗೆ ದೊಡ್ಡಣ್ಣ ಊಟಕ್ಕೆ ಹೋದ. ಚಿಕ್ಕಣ್ಣ ವ್ಯಾನಿನ ಬಾನೆಟ್ಟಿನೊಳಗೆ ತಲೆ ಹಾಕಿದ. ಪುಟ್ಟಿ ಪೆನ್ನು ತೆಗೆದುಕೊಂಡು ನಕ್ಷೆಯ ಕಚೇರಿಗೆ ಕರಡು ಬರೆಯಲು ಕೂತಳು. ಮನೆಯ ಅನಿವಾರ್ಯ ಕಾರಣಗಳಿಂದ ಬರಲಾಗುತ್ತಿಲ್ಲ, ಕ್ಷಮಿಸಿ. ಅಷ್ಟೇ ಬರೆಯಬೇಕಾದದ್ದು. ಹಾಳೆಗಾಗಿ ರಿಜಿಸ್ಟರಿನ ಹಿಂಭಾಗ ತೆರೆದಳು. ಖಾಲಿ ಹಾಳೆಗೆ ಮೊದಲು ಈ ವಾರದ ಹಾಳೆ ಸಿಕ್ಕಿತು. ಓದಬೇಕೆಂದೇನೂ ಇರಲಿಲ್ಲ. ತನ್ನದೇ ಅಕ್ಷರ, ಕಣ್ಣು ತಾನಾಗಿ ಹರಿಯಿತು.

ಸೋಮವಾರ. ದೊಡ್ಡಣ್ಣ: ಅವನ ಕಂಪ್ಯೂಟರು ಎಂಜಿನ್ನಿನ ಮೂಗು ಹಿಸುಕ್ತಿದೆ, ಅದಕ್ಕೇ ಸಾಯ್ತಿದೆ. ನಾನು ಥ್ರಾಟಲ್ ಸ್ಕ್ರೂ ಅರ್ಧ ಸುತ್ತು ಕೊಟ್ಟು ಉಸಿರು ಬಿಡಿಸಿದೀನಿ. ಓದಿದೋರಿಗೆ ಇದೆಲ್ಲ ಎಲ್ಲಿ ತಿಳಿಯತ್ತೆ. ನಾನು ತಲುಪಿಸಿದ್ದು: ಈಗ ಆಫ್ ಆಗ್ತಿಲ್ವಂತೆ.

ಮಂಗಳವಾರ. ಚಿಕ್ಕಣ್ಣ: ಸುತ್ತಿಗೆ ಹಿಡಿಯೋ ಕೈಲಿ ಸೆನ್ಸರ್ ಕೂರಿಸಿದ್ರೆ ಇನ್ನೇನಾಗತ್ತೆ? ಥ್ರಾಟಲ್ ಮುಚ್ಚಿದ್ರೂ ತೆರೆದಿದೆ ಅಂತ ತೋರಿಸ್ತಿತ್ತು. ಸಡಿಲ ಮಾಡಿ ತಿರುಗಿಸಿ ಅರ್ಧ ವೋಲ್ಟಿಗೆ ತಂದಿದೀನಿ. ನಾನು ತಲುಪಿಸಿದ್ದು: ಸೆನ್ಸರ್ ಈಗ ಸರಿ ಇದೆಯಂತೆ.

ಬುಧವಾರ. ದೊಡ್ಡಣ್ಣ: ಏನು ಮಾಟ ಮಾಡಿದಾನೋ, ಗಾಡಿ ಕಿರುಚ್ತಿದೆ. ಸ್ಕ್ರೂ ಕಾಲು ಸುತ್ತು ವಾಪಸ್ ತಗೊಂಡೆ. ಎಲ್ಲೋ ಗಾಳಿನೂ ಲೀಕ್ ಆಗ್ತಿರಬೇಕು. ನಾನು ತಲುಪಿಸಿದ್ದು: ಗಾಳಿ ಲೀಕ್ ಇರಬಹುದಂತೆ.

ಗುರುವಾರ. ಚಿಕ್ಕಣ್ಣ: ನಾನು ಇಟ್ಟ ಅರ್ಧ ವೋಲ್ಟು ಎಲ್ಲಿ ಹೋಯ್ತು? ನಿನ್ನ ದೊಡ್ಡಣ್ಣ ಬಾನೆಟ್ ದಡಾರ್ ಅಂತ ಹಾಕೋದಕ್ಕೆ ಸೆನ್ಸರ್ ಹೆದರಿ ಜಾರಿದೆ. ಮತ್ತೆ ತಿರುಗಿಸಿ, ಬ್ಯಾಟರಿ ತೆಗೆದು ಹಾಕಿ ಕಂಪ್ಯೂಟರಿನ ನೆನಪು ಅಳಿಸಿದೀನಿ. ನಾನು ತಲುಪಿಸಿದ್ದು: ಚೆಕ್ ಮಾಡಿದನಂತೆ.

ಗುರುವಾರ, ಮೂರು ಗಂಟೆ. ದೊಡ್ಡಣ್ಣ: ಆ ಸ್ಕ್ರೂ ಇನ್ನೊಂದು ಸುತ್ತು—

ಪುಟ್ಟಿ ಓದುವುದನ್ನು ನಿಲ್ಲಿಸಿದಳು. ಎರಡನೆಯ ಸಲ ಮೊದಲಿನಿಂದ ಓದಿದಳು.

ಹದಿನಾಲ್ಕು ತಿಂಗಳು ಇವರ ನಡುವೆ ನಡೆದವಳಿಗೆ ಅಷ್ಟು ಎಂಜಿನ್ ವಿದ್ಯೆ ಅಂಟಿತ್ತು. ಎಂಜಿನ್ನಿಗೆ ಗಾಳಿ ಬಿಡುವ ಒಂದು ತಟ್ಟೆಯಂಥ ಬಾಗಿಲಿದೆ, ಅದೇ ಥ್ರಾಟಲ್. ಅದು ಎಷ್ಟು ಮುಚ್ಚಬೇಕು ಎಂದು ತಡೆಯುವುದು ಒಂದು ಪುಟ್ಟ ಸ್ಕ್ರೂ. ಬಾಗಿಲು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುವುದು ಸೆನ್ಸರ್. ಅಣ್ಣ ಬಾಗಿಲು ತೆರೆದ. ತಮ್ಮ ಬಂದು, ಬಾಗಿಲು ಮುಚ್ಚಿದೆ ಎಂದು ವರದಿ ತಿದ್ದಿದ. ಮುಚ್ಚಿದ ಬಾಗಿಲಿಂದ ಇಷ್ಟು ಗಾಳಿ ಹೇಗೆ ಬಂತೆಂದು ಕಂಪ್ಯೂಟರ್ ಗಾಬರಿಬಿದ್ದು ಪೆಟ್ರೋಲು ನಿಲ್ಲಿಸಿತು, ಬಿಟ್ಟಿತು, ನಿಲ್ಲಿಸಿತು. ಅಣ್ಣ ಮತ್ತೆ ಸ್ಕ್ರೂ ತಿರುಗಿಸಿದ. ತಮ್ಮ ಮತ್ತೆ ವರದಿ ತಿದ್ದಿದ. ದಿನವೂ, ಊಟದ ಹೊತ್ತಿನಲ್ಲಿ, ಒಬ್ಬನಾದ ಮೇಲೆ ಒಬ್ಬ. ವ್ಯಾನಿಗೆ ಕಿರುಚುವ ರೋಗವೇ ಇರಲಿಲ್ಲ. ಇಬ್ಬರು ವೈದ್ಯರು ಒಬ್ಬರಿಗೊಬ್ಬರು ಹೇಳದೆ ಔಷಧಿ ಕುಡಿಸುತ್ತಿದ್ದರು.

ಹೇಳದೆ ಅಲ್ಲ. ಇಬ್ಬರೂ ಹೇಳಿದ್ದರು. ಬೈಗುಳದೊಳಗೆ ಸುತ್ತಿ ಹೇಳಿದ್ದರು. ಹೊದಿಕೆ ಬಿಚ್ಚಿ ಬಿಸಾಡುವಾಗ ಒಳಗಿದ್ದ ವಸ್ತುವನ್ನೂ ಬಿಸಾಡಿದವಳು ಅವಳು.

ಅವಳು ಮೇಜಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತಳು. ಮರದ ವಾಸನೆ, ಡೀಸೆಲ್ ವಾಸನೆ. ಒಂದು ದಿನ ಎಲ್ಲರೂ ಮೆಚ್ಚುತ್ತಾರೆ ಎಂದುಕೊಂಡು ಮಾಡಿದ ಕೆಲಸವೇನೂ ಅಲ್ಲ ಇದು. ಸುಮ್ಮನೆ ಯಾರಿಗೂ ನೋವಾಗದಿರಲಿ ಎಂದು ಮಾಡಿದ್ದು. ಸುಸ್ತು ಎಷ್ಟಿತ್ತೆಂದರೆ ತನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಇರಲಿಲ್ಲ.

ಎರಡು ಗಂಟೆಗೆ ಮೇಲಿನ ಬಾಗಿಲು ಸದ್ದಾಯಿತು. ದೊಡ್ಡಣ್ಣ ಕೈ ಒರೆಸಿಕೊಳ್ಳುತ್ತ ಇಳಿಯತೊಡಗಿದ. ಚಿಕ್ಕಣ್ಣ ಮೆಟ್ಟಿಲ ಬುಡಕ್ಕೆ ಬಂದು ಹೋದ ವರ್ಷದ ಕ್ಯಾಲೆಂಡರಿನ ಮುಂದೆ ನಿಂತ. ಪುಟ್ಟಿ ರಿಜಿಸ್ಟರ್ ಎತ್ತಿಕೊಂಡು ಹೋಗಿ ಮೂರನೆಯ ಮೆಟ್ಟಿಲ ಮೇಲೆ ಕೂತಳು. ಮೇಲಿಂದ ಇಳಿಯುವವನಿಗೂ ದಾರಿಯಿಲ್ಲ, ಕೆಳಗಿಂದ ಹತ್ತುವವನಿಗೂ ದಾರಿಯಿಲ್ಲ.

"ಏನೇ ಇದು?" ಎಂದ ದೊಡ್ಡಣ್ಣ.

ಅವಳು ಓದಿದಳು. ಸೋಮವಾರದಿಂದ ಶುರು. ಜೋರಾಗಿ ಓದಿ ಅಭ್ಯಾಸವಿಲ್ಲದ ದನಿ, ಎರಡು ಕಡೆ ಒಡೆಯಿತು. ಮೂಗು ಹಿಸುಕುವುದನ್ನು ಬಿಡಲಿಲ್ಲ, ಓದಿದೋರನ್ನು ಬಿಡಲಿಲ್ಲ, ಸುತ್ತಿಗೆಯನ್ನು ಬಿಡಲಿಲ್ಲ, ಮಾಟವನ್ನು ಬಿಡಲಿಲ್ಲ, ಹೆದರಿ ಜಾರಿದ ಸೆನ್ಸರನ್ನೂ ಬಿಡಲಿಲ್ಲ. ಪ್ರತಿಯೊಂದರ ಕೊನೆಗೆ ತಾನು ತಲುಪಿಸಿದ್ದನ್ನೂ ಓದಿದಳು.

"ಸ್ಕ್ರೂ ವಿಷಯ ನೀನು ಹೇಳಲೇ ಇಲ್ವಾ?" ಎಂದ ದೊಡ್ಡಣ್ಣ.

"ಇಲ್ಲ."

"ಯಾಕೆ?"

"ಬೈಗುಳ ತೆಗೆದೆ. ಅದರ ಜೊತೆ ಸ್ಕ್ರೂನೂ ಹೋಯ್ತು."

ಚಿಕ್ಕಣ್ಣ ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ, "ಪುಟ್ಟಿ, ಅವರನ್ನ ಕೇಳು, ಒಟ್ಟು ಎಷ್ಟು ಸುತ್ತು—"

"ಕೇಳಲ್ಲ."

"ಏನು?"

"ನಾನು ಕೇಳಲ್ಲ, ಹೇಳಲ್ಲ. ನನಗೆ ಸುಸ್ತಾಗಿದೆ ಚಿಕ್ಕಣ್ಣ. ನನ್ನ ಕೈಲಿ ಇನ್ನು ಆಗಲ್ಲ." ಅವಳು ರಿಜಿಸ್ಟರ್ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಕೂತ ಕಡೆಯಿಂದ ಏಳಲಿಲ್ಲ.

ಚಿಕ್ಕಣ್ಣ ಗೋಡೆಯ ಕಡೆ ತಿರುಗಿಯೇ, ಗೋಡೆಗೇ ಅನ್ನುವ ಹಾಗೆ, "ಅರ್ಧ ಸುತ್ತಾ?" ಎಂದ.

ದೊಡ್ಡಣ್ಣ ಮೇಲಿನ ಮೆಟ್ಟಿಲಿಂದಲೇ ಉತ್ತರ ಕೊಟ್ಟ. "ಮೊದಲು ಅರ್ಧ. ಕಾಲು ವಾಪಸ್. ನಿನ್ನೆ ಒಂದು."

"ಒಂದಾ!" ಚಿಕ್ಕಣ್ಣ ಗರಕ್ಕನೆ ತಿರುಗಿದ. "ಆ ಸ್ಕ್ರೂ ಮುಟ್ಟಬಾರದು ಅಂತ ಕಂಪನಿಯೋರು ಬಣ್ಣ ಮೆತ್ತಿ ಕಳಿಸಿರ್ತಾರೆ! ಅದು ಕಾರ್ಬ್ಯುರೇಟರಾ?"

"ಬಣ್ಣ ಕಿತ್ತುಹೋಗಿತ್ತು."

"ಕಿತ್ತುಹೋಗಿತ್ತಾ, ಕಿತ್ತು ಹಾಕಿದ್ಯಾ?"

"ನಿಮ್ಮಪ್ಪ ಮೂವತ್ತು ವರ್ಷ ಸ್ಕ್ರೂ ತಿರುಗಿಸೇ ಕಣೋ ನಿನಗೆ ಅನ್ನ ಹಾಕಿದ್ದು!"

"ನಮ್ಮಪ್ಪನಾ? ನಿಮ್ಮಪ್ಪ ಬೇರೆ ಇದ್ನಾ?"

ಮೇಲಿಂದ ಅತ್ತಿಗೆ, "ಊಟ ಆರಿಹೋಗ್ತಿದೆ, ಯಾರಾದರೂ ಬರ್ತೀರೋ ಇಲ್ಲ—" ಎಂದು ಬಂದವಳು ಬಾಗಿಲಲ್ಲೇ ನಿಂತಳು. ಕೆಳಗೆ ನೋಡಿದಳು. ಬಾಯಿ ಮೇಲೆ ಕೈಯಿಟ್ಟುಕೊಂಡು, ಹೆಜ್ಜೆ ಸದ್ದಾಗದ ಹಾಗೆ ಹಿಂದೆ ಸರಿದಳು. ತಟ್ಟೆಗೆ ಮುಚ್ಚಳ ಮುಚ್ಚಿದ ಸದ್ದು ಮಾತ್ರ ಕೇಳಿಸಿತು.

ಜಗಳ ಸ್ಕ್ರೂವಿನಿಂದ ಸೆನ್ಸರಿಗೆ ಹೋಯಿತು, ಸೆನ್ಸರಿನಿಂದ ಬಾನೆಟ್ಟಿಗೆ, ಬಾನೆಟ್ಟಿನಿಂದ ಹದಿನಾಲ್ಕು ತಿಂಗಳ ಹಿಂದಕ್ಕೆ.

"ಹತ್ತು ಜನರ ಮುಂದೆ ಅವನನ್ನ ಕೇಳಿ ಅಂದ್ಯಲ್ಲ," ಎಂದ ಚಿಕ್ಕಣ್ಣ. ಅವನ ದನಿ ಇದ್ದಕ್ಕಿದ್ದ ಹಾಗೆ ಸಣ್ಣದಾಗಿತ್ತು. "ಯಾರೋ ದಾರೀಲಿ ಹೋಗೋನ ಹಾಗೆ."

ದೊಡ್ಡಣ್ಣ ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆದ. "ಇಲಿ ಅಂತ ಗೊತ್ತಿದ್ದಿದ್ರೆ ಇಲೀನ ಕೇಳಿ ಅಂತಿದ್ದೆ," ಅಂದ.

ಚಿಕ್ಕಣ್ಣನಿಗೆ ನಗು ಬಂದಿರಬೇಕು. ತಡೆದುಕೊಂಡ. ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು, ಅಷ್ಟೇ. ಕ್ಷಮೆ ಗಿಮೆ ಅಂತ ಏನೂ ಇಲ್ಲ. ದೊಡ್ಡಣ್ಣ ತಂಗಿಯ ಪಕ್ಕದ ಸಂದಿಯಲ್ಲಿ ಕಾಲಿಟ್ಟು, ಅವಳ ತಲೆಯ ಮೇಲೆ ಒಂದು ಸಲ ಭಾರವಾಗಿ ಕೈಯೂರಿ, ಇಳಿದು ವ್ಯಾನಿನ ಕಡೆ ನಡೆದ. ಚಿಕ್ಕಣ್ಣ ಊಟಕ್ಕೆ ಹತ್ತಲಿಲ್ಲ. ಮೀಟರ್ ತೆಗೆದುಕೊಂಡು ಹಿಂದೆಯೇ ಹೋದ.

ಸ್ಕ್ರೂ ತಿರುಗಿಸುವವನಿಗೆ ಮೀಟರ್ ಕಾಣುವುದಿಲ್ಲ, ಮೀಟರ್ ಹಿಡಿದವನಿಗೆ ಸ್ಕ್ರೂ ಸಿಗುವುದಿಲ್ಲ. ವ್ಯಾನಿನ ಬಾನೆಟ್ಟು ಅಷ್ಟು ಇಕ್ಕಟ್ಟು. ಬೇರೆ ದಿನವಾಗಿದ್ದರೆ ಪುಟ್ಟಿ ನಡುವೆ ನಿಂತು ಅಂಕಿ ಒಪ್ಪಿಸುತ್ತಿದ್ದಳು. ಇವತ್ತು ಎದ್ದು ಟೀ ಲೋಟಗಳನ್ನು ಒಟ್ಟುಮಾಡಿ ಮೇಲಿನ ಮನೆಗೆ ಹೋಗಿ ತೊಳೆಯತೊಡಗಿದಳು. ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡಳು.

ಕೆಳಗಿಂದ ಚಿಕ್ಕಣ್ಣನ ದನಿ ಬಂತು:

"ಪಾಯಿಂಟ್ ಎಂಟು ವೋಲ್ಟು."

"ಈಗ?"

"ಪಾಯಿಂಟ್ ಏಳು… ಆರು… ಸ್ವಲ್ಪ… ನಿಲ್ಲು, ನಿಲ್ಲು ಅಂದ್ರೆ ನಿಲ್ಲು ಅಣ್ಣ!"

ಲೋಟ ಹಿಡಿದ ಅವಳ ಕೈ ನಿಂತಿತು. ಅತ್ತಿಗೆಯ ಕೈಯೂ ಒಲೆಯ ಮೇಲೆ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡಿದರೆ ಏನೋ ಹಾರಿಹೋಗುತ್ತದೆ ಎನ್ನುವ ಹಾಗೆ.

ಸ್ಕ್ರೂ ಮೊದಲಿದ್ದ ಜಾಗಕ್ಕೆ ಹೋಯಿತು, ಸೆನ್ಸರ್ ತನ್ನ ಜಾಗಕ್ಕೆ. ಹಾಗಾದರೆ ಸೋಮವಾರ ಎಂಜಿನ್ ಆಫ್ ಆಗುತ್ತಿದ್ದದ್ದು ಯಾಕೆ ಎಂದು ಮತ್ತೆ ವಾದ ಹತ್ತಿತು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಅಂದರೆ ಐಡ್ಲಿಂಗಿನಲ್ಲಿ, ಗಾಳಿಯನ್ನು ಹಿಡಿದು ಬಿಡುವ ಪುಟ್ಟ ವಾಲ್ವ್ ಒಂದಿದೆ. ಅದನ್ನು ಬಿಚ್ಚಿದರೆ ಒಳಗೆ ಕಾಡಿಗೆಯ ಹಾಗೆ ಕಪ್ಪು ಕೂತಿತ್ತು. ವೈರಿಂಗಿನವನಿಗೆ ಅದು ಎಂಜಿನ್ನಿನ ಸಾಮಾನು, ಎಂಜಿನ್ನಿನವನಿಗೆ ಅದು ವೈರಿಂಗಿನ ಸಾಮಾನು. ಎರಡು ವೈರು ಇದ್ದದ್ದರಿಂದ ದೊಡ್ಡಣ್ಣ ಮುಟ್ಟಿರಲಿಲ್ಲ, ಮಸಿ ಇದ್ದದ್ದರಿಂದ ಚಿಕ್ಕಣ್ಣ ಮುಟ್ಟಿರಲಿಲ್ಲ. ತೊಳೆದು ಹಾಕಲು ಹತ್ತು ನಿಮಿಷ ಹಿಡಿಯಿತು.

ಎಂಜಿನ್ ಸ್ಟಾರ್ಟ್ ಆಯಿತು. ಒಮ್ಮೆ ಏರಿತು. ಇಳಿಯಿತು. ಇಳಿದು, ತನಗೆ ಬೇಕಾದ ಜಾಗ ಸಿಕ್ಕವರ ಹಾಗೆ, ಅಲ್ಲೇ ಕೂತುಕೊಂಡಿತು. ಲೋಟಗಳ ಮೇಲಿನ ನೀರಿನ ಹನಿ ಕೂಡ ಅಲುಗಲಿಲ್ಲ.

ಅವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಪತ್ರದಲ್ಲಿ ಓದಿ ಓದಿ ಬಾಯಿಪಾಠವಾಗಿದ್ದ ನಂಬರು ಒತ್ತಿದಳು, ಕೊನೆಯ ಅಂಕಿ ಒತ್ತದೆ ನಿಂತಳು. ವ್ಯಾನು ಸರಿಹೋದರೆ ಸಾಲದು. ವ್ಯಾನು ಅವಳಿಗೆ ಬೇಕಾದದ್ದಾಗಿರಲಿಲ್ಲ. ಬಾಗಿಲ ಬಳಿ ಹೋಗಿ ಮೆಟ್ಟಿಲ ಕೆಳಗೆ ಕಿವಿಗೊಟ್ಟಳು.

"ಹತ್ತನೇ ನಂಬರ್ ಸ್ಪ್ಯಾನರ್ ಎಲ್ಲಿಟ್ಟೆ?"

"ನಾನ್ಯಾಕೆ ಇಡ್ಲಿ? ನಿನ್ನ ಜೇಬಲ್ಲಿ ನೋಡ್ಕೋ."

"ಜೇಬಲ್ಲಿಲ್ಲ… ಹ್ಞಾ, ಇದೆ."

"ಹದಿನಾಲ್ಕು ತಿಂಗಳಿಂದ ಅಲ್ಲೇ ಇತ್ತೇನೋ."

"ಲೋ, ಬಾಯಿ ಮುಚ್ಕೊಂಡು ಕೆಲಸ ನೋಡು." ಆಮೇಲೆ, ಬಾನೆಟ್ಟಿನ ಒಳಗಿನಿಂದ, ದಣಿದ, ಮಾಮೂಲಿ ದನಿಯಲ್ಲಿ ದೊಡ್ಡಣ್ಣ ಕೇಳಿದ: "ಸೆನ್ಸರ್ ಸ್ಕ್ರೂ ಎರಡೂ ಟೈಟ್ ಮಾಡಿದ್ಯಾ?"

"ಮಾಡ್ದೆ," ಎಂದ ಚಿಕ್ಕಣ್ಣ. "ನೀನೂ ಒಂದ್ಸಲ ನೋಡ್ಬಿಡು."

ಪುಟ್ಟಿ ಬಾಗಿಲ ಚೌಕಟ್ಟಿಗೆ ಒರಗಿ ಕೊನೆಯ ಅಂಕಿ ಒತ್ತಿದಳು. ನಾಲ್ಕು ಸಲ ರಿಂಗಾದ ಮೇಲೆ ವಯಸ್ಸಾದ ಗುಮಾಸ್ತರೊಬ್ಬರು ಎತ್ತಿದರು. ಅವಳು ತಾನು ಯಾರೆಂದು ಹೇಳಿದಳು. ಅವರಿಗೆ ಸರಿಯಾಗಿ ಕೇಳಿಸಲಿಲ್ಲ, ಕೆಳಗೆ ಸ್ಪ್ಯಾನರಿನ ಜಗಳ ಮತ್ತೆ ಹತ್ತಿಕೊಂಡಿತ್ತು.

"ಅಲ್ಲೇನಮ್ಮಾ ಗಲಾಟೆ?"

"ನಮ್ಮಣ್ಣಂದಿರು ಸಾರ್. ಮಾತಾಡ್ತಿದಾರೆ," ಎಂದಳು. "ನಾನು ಸೋಮವಾರ ಬರ್ತೀನಿ."